ಫರ್ಶಿಯ ಮೇಲೆ ಗಾಲಿ ಪೆಟ್ಟಿಗೆ

ಟಕ್, ಟಕ್, ಟಕ್. ಒಂದು ಕಲ್ಲು ಮುಗಿದು ಇನ್ನೊಂದು ಕಲ್ಲು ಶುರುವಾಗುವ ಸಂದಿಯಲ್ಲಿ ಗಾಲಿ ಪೆಟ್ಟಿಗೆ ಕುಪ್ಪಳಿಸುವ ಸದ್ದು ಅದು. ಸೇಡಂನ ನಮ್ಮ ಕಾಲೇಜಿನ ಲೇಡೀಸ್ ಹಾಸ್ಟೆಲ್ಲಿಗೆ ಉದ್ದನೆಯ ಒಂದು ವರಾಂಡ ಇತ್ತು. ಅದಕ್ಕೆ ಶಹಾಬಾದಿನ ಫರ್ಶಿ ಕಲ್ಲು ಹಾಸಿದ್ದರು. ಬಾಗಿಲ ಪಕ್ಕದ ಮೊದಲ ಕೋಣೆ ವಾರ್ಡನ್ನಿನದು, ಅಂದರೆ ನನ್ನದು. ಕಣ್ಣು ಮುಚ್ಚಿ ಕೂತಿದ್ದರೂ ಪೆಟ್ಟಿಗೆ ಬರುತ್ತಿದೆಯೋ ಹೋಗುತ್ತಿದೆಯೋ ನನಗೆ ಗೊತ್ತಾಗುತ್ತಿತ್ತು. ಊರಿಂದ ಬರುವ ಪೆಟ್ಟಿಗೆಯಲ್ಲಿ ರೊಟ್ಟಿ, ಚಟ್ನಿಪುಡಿ, ಶೇಂಗಾ ಹೋಳಿಗೆ ತುಂಬಿರುತ್ತದೆ. ಅದರ ಟಕ್ ಭಾರದ್ದು. ಹೋಗುವ ಪೆಟ್ಟಿಗೆ ಹಗುರ, ಅವಸರದ್ದು.

ಹೋದ ತಿಂಗಳು ಹಾಸ್ಟೆಲ್ಲಿನ ಹೊಸ ಬ್ಲಾಕಿನ ಉದ್ಘಾಟನೆಗೆ ನನ್ನನ್ನೂ ಕರೆದಿದ್ದರು. ಶಾಲು ಹೊದಿಸಿದರು, ಹಾರ ಹಾಕಿದರು. ಹಳೆಯ ವರಾಂಡಕ್ಕೆ ಈಗ ಟೈಲ್ಸ್ ಬಂದಿದೆ. ನಾನು ನೋಡುತ್ತಿದ್ದಂತೆಯೇ ಒಬ್ಬ ಹುಡುಗಿ ಕೆಂಪು ಪೆಟ್ಟಿಗೆ ಎಳೆದುಕೊಂಡು ನನ್ನ ಪಕ್ಕದಿಂದಲೇ ಹೋದಳು. ಸದ್ದೇ ಇಲ್ಲ. ನೀರಿನ ಮೇಲೆ ಹೋದಂತೆ ಹೋದಳು. "ವೆರಿ ಸ್ಮೂತ್ ನೋಡ್ರಿ ಮೇಡಮ್," ಅಂದರು ಯಾರೋ. "ವೆರಿ ಸ್ಮೂತ್," ಅಂದೆ. ಆದರೆ ತಲೆಯೊಳಗೆ ಆ ಟಕ್ ಟಕ್ ಶುರುವಾಗಿತ್ತು. ಶಹಾಬಾದಿಗೆ ವಾಪಸು ಬರುವ ದಾರಿಯುದ್ದಕ್ಕೂ ಅದು ನಿಲ್ಲಲಿಲ್ಲ.

ನಾನು ಸಿಕಂದರಾಬಾದಿನ ಕಾನ್ವೆಂಟಿನಲ್ಲಿ ಓದಿದವಳು. ಸಿಸ್ಟರ್‌ಗಳು ಮುಳ್ಳುಚಮಚ ಹಿಡಿಯುವುದನ್ನು ಕಲಿಸಿದರು, ಬೆನ್ನು ನೆಟ್ಟಗೆ ಇಟ್ಟು ಕೂರುವುದನ್ನು ಕಲಿಸಿದರು, ನಾಲ್ಕು ಜನರ ಮುಂದೆ ಅಳಬಾರದು ಎಂದು ಕಲಿಸಿದರು. ಕೊನೆಯ ಪಾಠವನ್ನು ಸ್ವಲ್ಪ ಹೆಚ್ಚೇ ಚೆನ್ನಾಗಿ ಕಲಿತೆ ಅನಿಸುತ್ತದೆ. ಸೇಡಂನ ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಹೇಳಿ ರಿಟೈರ್ ಆಗಿ ಶಹಾಬಾದಿನ ಮನೆಯಲ್ಲಿದ್ದೆ. ನನ್ನ ಯಜಮಾನರು ವಾಡಿ ಜಂಕ್ಷನ್ನಿನಲ್ಲಿ ರೈಲ್ವೆ ಗಾರ್ಡ್ ಆಗಿದ್ದವರು. ನಾನು ಹೇಳುತ್ತಿರುವ ಆ ವರ್ಷದ ಮೇ ತಿಂಗಳಲ್ಲಿ ಅವರು ತೀರಿಕೊಂಡರು. ಜೂನಿನಲ್ಲಿ ಕಾಲೇಜಿನ ಪ್ರಿನ್ಸಿಪಾಲರು ಫೋನು ಮಾಡಿ, ಹಾಸ್ಟೆಲ್ಲಿಗೆ ವಾರ್ಡನ್ ಬೇಕಾಗಿದೆ, ಬರ್ತೀರೇನ್ರಿ ಮೇಡಮ್, ಎಂದು ಕೇಳಿದರು. ಒಂದು ಕಾಲದಲ್ಲಿ ನನ್ನ ಜೂನಿಯರ್ ಆಗಿದ್ದವರು. ಹೂಂ ಅಂದೆ. ಬೇಡ ಅನ್ನುವುದಕ್ಕೂ ಒಂದು ಇಚ್ಛೆ ಬೇಕಲ್ಲ.

ನಾನು ಅತ್ತಿರಲಿಲ್ಲ. ಎಷ್ಟು ಧೈರ್ಯ ಎಂದು ಜನ ಅಂದುಕೊಂಡರು. ಧೈರ್ಯವಲ್ಲ. ಹಲ್ಲು ಕೀಳುವಾಗ ಕೊಟ್ಟ ಇಂಜೆಕ್ಷನ್ ಇಳಿಯದೇ ಹೋದರೆ ಹೇಗಿರುತ್ತದೆ, ಹಾಗೆ ಇತ್ತು. ಕೆನ್ನೆ ಇದೆ, ಮುಟ್ಟಿದರೆ ಯಾರದೋ ಕೆನ್ನೆ. ಸೇಡಂನ ಗಿಡಮರಗಳ ಎಲೆಯ ಮೇಲೆ ಸಿಮೆಂಟ್ ಫ್ಯಾಕ್ಟರಿಯ ಧೂಳು ಕೂತಿರುತ್ತದಲ್ಲ, ಎಲ್ಲವೂ ಆ ಬಣ್ಣದ್ದಾಗಿ ಕಾಣುತ್ತಿತ್ತು ನನಗೆ.

ಆ ಜುಲೈನಲ್ಲಿ ಮೊದಲ ಟಕ್ ಟಕ್ ಕೇಳಿಸಿದ್ದು ಅಂಬಿಕಾಳ ಪೆಟ್ಟಿಗೆಯದು. ಅಂಬಿಕಾ ತೆಂಗಳಿಯ ಹುಡುಗಿ. ಮನೆಯಲ್ಲಿ ಹೊಲ ಇದೆ, ಎಮ್ಮೆ ಇವೆ. ಯಾವುದೋ ಸ್ಕಾಲರ್‌ಶಿಪ್ ಸಿಕ್ಕು ಆರು ತಿಂಗಳು ಪೋಲೆಂಡಿನಲ್ಲಿ ಓದಿ ಬಂದಿದ್ದಳು. ಈಗ ಡಿಗ್ರಿಯ ಕೊನೆಯ ವರ್ಷ. ಕಾಲೇಜಿನ ಗೇಟಿಗೆ ಅವಳ ಫೋಟೋ ಇರುವ ದೊಡ್ಡ ಫ್ಲೆಕ್ಸ್ ಕಟ್ಟಿದ್ದರು. ಹಿಂದೆ ವಿಮಾನ, ಪಕ್ಕದಲ್ಲಿ ಭೂಗೋಳ, ಕೆಳಗೆ ಆಡಳಿತ ಮಂಡಳಿಯವರ ಸಾಲು ಸಾಲು ಮುಖ. ಫೋಟೋದಲ್ಲಿ ಅವಳನ್ನು ಎಷ್ಟು ಬೆಳ್ಳಗೆ ಮಾಡಿದ್ದರೆಂದರೆ ಅವಳ ಅವ್ವನೇ ಬಂದು ನೋಡಿ, "ಇದು ಯಾರ ಮಗಳು?" ಅಂದಳಂತೆ.

ಪ್ರಿನ್ಸಿಪಾಲರು ಒಂದು ಇಂಟರ್‌ನ್ಯಾಷನಲ್ ಸೆಲ್ ಮಾಡಿ ಅಂಬಿಕಾಳನ್ನು ಅದರ ಕೋಆರ್ಡಿನೇಟರ್ ಮಾಡಿದರು. ಕುತ್ತಿಗೆಗೆ ಒಂದು ಬ್ಯಾಡ್ಜ್. ಕೆಲಸವೇನೆಂದರೆ ಯಾವ ಕಾರ್ಯಕ್ರಮ ನಡೆದರೂ ವೇದಿಕೆ ಹತ್ತುವುದು. "ಅಂಬಿಕಾ, ಷೇರ್ ಯುವರ್ ಎಕ್ಸ್‌ಪೀರಿಯನ್ಸ್. ಗೆಸ್ಟ್ ಬಂದಾರ, ಇಂಗ್ಲಿಷಿನ್ಯಾಗ ಹೇಳು." ಗಣಪತಿ ಕೂರಿಸಿದಾಗ ಷೇರ್ ಮಾಡಿದಳು. ರಕ್ತದಾನ ಶಿಬಿರದಲ್ಲಿ ಷೇರ್ ಮಾಡಿದಳು. ಕಬಡ್ಡಿ ಫೈನಲ್ಲಿನಲ್ಲೂ ಷೇರ್ ಮಾಡಿದಳು. ಮೆಸ್ಸಿನಲ್ಲಿ ಹುಡುಗಿಯರು, "ಏ ಪೋಲೆಂಡ್, ಉಪ್ಪ ಈ ಕಡಿ ಸರಸ," ಎಂದು ಕರೆಯತೊಡಗಿದರು. ಅವಳು ನಗುತ್ತಲೇ ಉಪ್ಪು ಸರಿಸುತ್ತಿದ್ದಳು.

"ಮೇಡಮ್‌ರಿ, ಅಲ್ಲಿ ನಾ ಯಾರೋ ಒಬ್ಬಾಕಿ ಇದ್ದೆ," ಅಂದಳು ಒಂದು ಸಂಜೆ ನನ್ನ ಬಾಗಿಲಲ್ಲಿ ಕೂತು. "ಟ್ರಾಮಿನ್ಯಾಗ ಕುಂತ್ರ ಯಾರೂ ಹೊಳ್ಳಿ ನೋಡ್ತಿದ್ದಿಲ್ಲ. ನಮ್ಮೂರಿಗಿ ಬಂದು ಫ್ಲೆಕ್ಸ್ ಆಗೀನಿ ನೋಡ್ರಿ."

"ದಟ್ ವಿಲ್ ಪಾಸ್," ಅಂದೆ. ಆ ವರ್ಷ ಯಾರು ಏನು ಹೇಳಿದರೂ ನನ್ನ ಬಾಯಿಂದ ಬರುತ್ತಿದ್ದದ್ದು ಅದೇ.

ಆಗಸ್ಟಿನಲ್ಲಿ ಟಮಾಂಡಾ ಬಂದಳು. ಮಲಾವಿ ದೇಶದ ಹುಡುಗಿ, ಬಿಸಿಎ ಓದಲು. ಕಾಲೇಜಿನವರು ಯಾವುದೋ ಏಜೆಂಟನೊಂದಿಗೆ ಒಪ್ಪಂದ ಮಾಡಿಕೊಂಡಿದ್ದರು. ಬರಬೇಕಾದವರು ಇಬ್ಬರು; ಒಬ್ಬಳು ಹೈದರಾಬಾದಿನಲ್ಲೇ ಇಳಿದು ಅಲ್ಲಿಯ ಕಾಲೇಜು ಸೇರಿಬಿಟ್ಟಳು. ಹಾಗಾಗಿ ಇಬ್ಬರಿಗೆ ತಂದ ಹಾರ, ಇಬ್ಬರಿಗೆ ತಂದ ಶಾಲು ಎಲ್ಲ ಟಮಾಂಡಾಳ ಒಂದೇ ಹೆಗಲ ಮೇಲೆ ಬಿದ್ದವು. ಆ ವಾರವೆಲ್ಲ ಸನ್ಮಾನ. ಒಂದು ದಿನ ನನ್ನ ಬಳಿ ಬಂದು ಮೆಲ್ಲಗೆ ಇಂಗ್ಲಿಷಿನಲ್ಲಿ ಕೇಳಿದಳು: "ಮ್ಯಾಮ್, ಇಲ್ಲಿ ಮುಂದೆ ತುಂಬಾ ಚಳಿ ಬೀಳುತ್ತದಾ? ಎಲ್ಲರೂ ನನಗೆ ಶಾಲು ಕೊಡುತ್ತಿದ್ದಾರೆ." ಸೇಡಂನಲ್ಲಿ ಆಗ ಫ್ಯಾನು ಹಾಕಿಕೊಂಡರೂ ಬೆವರು. ನನಗೆ ನಗು ಬರಬೇಕಿತ್ತು.

ಅವಳ ಊಟದ ಬಗ್ಗೆ ಪ್ರಿನ್ಸಿಪಾಲರ ಕಟ್ಟುನಿಟ್ಟು ಆರ್ಡರ್ ಆಯಿತು. ಫಾರಿನ್ ಹುಡುಗಿ, ಹೊಟ್ಟೆ ಕೆಟ್ಟರೆ ಕಾಲೇಜಿನ ಹೆಸರು ಕೆಡುತ್ತದೆ. ಬ್ರೆಡ್ಡು, ಜಾಮು, ಆಮ್ಲೆಟ್, ಬೇಯಿಸಿದ ಆಲೂಗಡ್ಡೆ, ಬಾಟಲಿ ನೀರು. ಮೆಸ್ಸಿನ ಮೂಲೆಯಲ್ಲಿ ಅವಳಿಗೆ ಸ್ಪೆಷಲ್ ಟೇಬಲ್. ಮೇಲೆ ಬಿಳಿ ಬಟ್ಟೆ, ಪ್ಲಾಸ್ಟಿಕ್ ಹೂವು, ಮುಳ್ಳುಚಮಚ. ಒಬ್ಬಳೇ ಕೂರಬಾರದೆಂದು ನಾನು ಎದುರು ಕೂರುತ್ತಿದ್ದೆ, ಅವಳು ತಿಂದದ್ದನ್ನೇ ತಿನ್ನುತ್ತಿದ್ದೆ. ನನಗೆ ಯಾವುದಾದರೂ ಒಂದೇ ಆಗಿತ್ತು. ಪಕ್ಕದ ಸಾಲುಗಳಲ್ಲಿ ಹುಡುಗಿಯರು ನೆಲದ ಮೇಲೆ ಕೂತು ಜೋಳದ ರೊಟ್ಟಿ, ಪುಂಡಿ ಸೊಪ್ಪಿನ ಪಲ್ಲೆ ತಿನ್ನುತ್ತ ಕಚಪಚ ಮಾತಾಡುತ್ತಿದ್ದರು. ನಾವಿಬ್ಬರು ಬೆನ್ನು ನೆಟ್ಟಗೆ ಇಟ್ಟು ಬ್ರೆಡ್ಡಿಗೆ ಜಾಮು ಸವರುತ್ತಿದ್ದೆವು.

"ನೀವಿಬ್ಬರೂ ದವಾಖಾನಿ ಪೇಷಂಟ್ ಕುಂತಂಗ ಕುಂದರ್ತೀರಿ ನೋಡ್ರಿ," ಅಂದಳು ಅಂಬಿಕಾ.

ಅವಳು ಸುಮ್ಮನಿರುವವಳಲ್ಲ. ಬೇವಿನ ಗಿಡದ ಕೆಳಗೆ ಶನಿವಾರ ಶನಿವಾರ ಒಂದು ಮೇಜು ಹಾಕಿದಳು. ಯಾರು ಬೇಕಾದರೂ ಬಂದು ಟಮಾಂಡಾಳ ಜೊತೆ ಮಾತಾಡಬಹುದು, ಅವಳು ತನ್ನ ದೇಶದ್ದು ಹೇಳುತ್ತಾಳೆ, ಇವರು ಇವರದ್ದು. ಪೋಲೆಂಡಿನಲ್ಲಿ ಹಾಗೆ ಮಾಡುತ್ತಿದ್ದರಂತೆ. ಇಲ್ಲಿ ಎಲ್ಲರೂ ಬಂದರು, ಸೆಲ್ಫಿ ತೆಗೆಸಿಕೊಂಡರು, ಹೋದರು. ಆಮೇಲಾಮೇಲೆ ಅದಕ್ಕೂ ಬರಲಿಲ್ಲ. ಅಂಬಿಕಾ, ಟಮಾಂಡಾ ಇಬ್ಬರೇ ಮೇಜಿನ ಆಚೆ ಈಚೆ ಕೂತು ಬೇವಿನ ಎಲೆ ಆರಿಸಿ ಎಸೆಯುವುದನ್ನು ನಾನು ಕಿಟಕಿಯಿಂದ ನೋಡುತ್ತಿದ್ದೆ.

ಹಾಗಂತ ಹುಡುಗಿಯರಿಗೆ ಪ್ರೀತಿ ಇರಲಿಲ್ಲವೆಂದಲ್ಲ. ಊರಿಗೆ ಹೋಗಿ ಬಂದವರೆಲ್ಲ ಅವಳಿಗೆ ಏನಾದರೂ ತರುತ್ತಿದ್ದರು. ಶೇಂಗಾ ಹೋಳಿಗೆ, ಮಾಲ್ದಿ, ಉಂಡಿ. ಎಲ್ಲರೂ ಸಿಹಿಯೇ ತಂದರು. ಚಿಂಚೋಳಿಯ ಹುಡುಗಿಯೊಬ್ಬಳು ಚಂದಾಪುರದ ಬೇಕರಿಯಿಂದ ಕೇಕು ಹೊತ್ತು ತಂದಳು. ಅಂಬಿಕಾ ತನ್ನ ಕೋಣೆಯಲ್ಲಿ ಕದ್ದು ಮ್ಯಾಗಿ ಮಾಡಿ ಕೊಟ್ಟಳು, ಚಪಾತಿ ತರಿಸಿ ಕೊಟ್ಟಳು, ಚಿತ್ತಾಪುರದಿಂದ ಬಿರಿಯಾನಿ ತರಿಸಿದಳು. ಟಮಾಂಡಾ ಎಲ್ಲದಕ್ಕೂ ಥ್ಯಾಂಕ್ ಯೂ ಅನ್ನುತ್ತಿದ್ದಳು, ಸ್ವಲ್ಪ ತಿನ್ನುತ್ತಿದ್ದಳು, ಬಿಡುತ್ತಿದ್ದಳು. ದೀಪಾವಳಿ ಹೊತ್ತಿಗೆ ಅವಳ ಕೈಬಳೆ ಮೊಣಕೈವರೆಗೆ ಜಾರತೊಡಗಿತ್ತು.

ನವೆಂಬರಿನ ಒಂದು ಬೆಳಗ್ಗೆ ಸ್ಪೆಷಲ್ ಟೇಬಲ್ಲಿನಲ್ಲಿ ಚಾಕುವನ್ನು ತಟ್ಟೆಯ ಮೇಲೆ ಅಡ್ಡ ಇಟ್ಟು ಅವಳು ಹೇಳಿದಳು: "ಮ್ಯಾಮ್, ನಾನು ಜನವರಿಯಲ್ಲಿ ಹೋಗಿಬಿಡುತ್ತೇನೆ. ಪರೀಕ್ಷೆಗೆ ಮುಂಚೆಯೇ. ನನ್ನ ಅಂಕಲ್ ಟಿಕೆಟ್ ನೋಡುತ್ತಿದ್ದಾರೆ."

"ಏಕೆ?"

"ಇಲ್ಲಿ ಎಲ್ಲರೂ ಒಳ್ಳೆಯವರು," ಅಂದಳು. ಅದೇ ಉತ್ತರ ಎಂಬಂತೆ.

ಅಂಬಿಕಾಳಿಗೆ ನಾನೇ ತಿಳಿಸಿದೆ. ವರಾಂಡದ ಮೆಟ್ಟಿಲ ಮೇಲೆ ಬಟ್ಟೆ ಮಡಚುತ್ತಿದ್ದವಳು ಕೈ ನಿಲ್ಲಿಸಿದಳು.

"ಆಕಿ ಹೋಗಬಾರದ್ರಿ ಮೇಡಮ್."

"ಅವಳಿಷ್ಟ, ಅಂಬಿಕಾ."

"ನಾನೂ ಮೂರನೇ ವಾರಕ್ಕ ಬ್ಯಾಗ್ ತುಂಬಿದ್ದೆ," ಅಂದಳು. ಅದನ್ನು ಯಾವ ವೇದಿಕೆಯ ಮೇಲೂ ಅವಳು ಷೇರ್ ಮಾಡಿರಲಿಲ್ಲ. ಪೋಲೆಂಡಿನಲ್ಲಿ ಇವಳು ಸಸ್ಯಾಹಾರಿ ಎಂದು ದಿನಾ ಬೇರೆಯಾಗಿ ಒಂದು ತಟ್ಟೆ ತಂದಿಡುತ್ತಿದ್ದರಂತೆ, ಬೇಯಿಸಿದ ಗಜ್ಜರಿ, ಬೇಯಿಸಿದ ಆಲೂಗಡ್ಡೆ, ಜೊತೆಗೆ ನಗು. ಒಂದು ದಿನ ತಟ್ಟೆ ಮುಂದೆ ಇಟ್ಟುಕೊಂಡು ಅತ್ತಳಂತೆ. ಹಾಸ್ಟೆಲ್ಲಿನ ಬಾಗಿಲು ಕಾಯುವ ಹಾಲಿನಾ ಎಂಬ ಮುದುಕಿ ಇವಳ ರಟ್ಟೆ ಹಿಡಿದು ಕೆಳಗಿನ ಅಡುಗೆಮನೆಗೆ ಕರೆದೊಯ್ದು, ಒಲೆ ತೋರಿಸಿ, ಹಿಟ್ಟು ತೋರಿಸಿ, ತಾನು ಸ್ಟೂಲಿನ ಮೇಲೆ ಕೂತುಬಿಟ್ಟಳಂತೆ. ಯಾವ ಹಿಟ್ಟೋ ಏನೋ, ಇವಳು ಬಡಿದ ರೊಟ್ಟಿ ಚೂರು ಚೂರಾಯಿತು. ಮುದುಕಿ ಆ ಚೂರುಗಳನ್ನೇ ಆರಿಸಿ ತಿಂದಳಂತೆ.

"ಅದಕ್ಕ ಉಳದೆ ನಾ. ಕಾಲೇಜಿನವರು ನನ್ನ ಫ್ಲೆಕ್ಸ್ ಹಾಕ್ಯಾರ, ಇಂಟರ್‌ನ್ಯಾಷನಲ್ ಅಂತಾರ. ನಮ್ಮ ಹಾಸ್ಟೆಲ್ಲಿಗಿ ಬಂದ ಒಂದು ಹುಡುಗಿ ಒಂದು ವರ್ಷ ನಿಲ್ಲಲಿಲ್ಲಂದ್ರ? ಈಕಿ ಹೋದ್ರ ನಾ ಅಲ್ಲಿ ಹೋಗಿದ್ದು, ಇದ್ದಿದ್ದು ಎಲ್ಲಾ ಸುಳ್ಳಾಗ್ತದ್ರಿ."

ದಟ್ ವಿಲ್ ಪಾಸ್ ಅನ್ನಲು ಬಾಯಿ ತೆರೆದೆ. ಅಂದೆನೋ ಬಿಟ್ಟೆನೋ ಈಗ ನೆನಪಿಲ್ಲ.

ಎಳ್ಳ ಅಮಾವಾಸ್ಯೆಗೆ ಅವಳು ಟಮಾಂಡಾಳನ್ನು ತೆಂಗಳಿಗೆ ಕರೆದುಕೊಂಡು ಹೊರಟಳು. ಪ್ರಿನ್ಸಿಪಾಲರು, "ವಾರ್ಡನ್ ಜೊತಿಗಿ ಹೋದ್ರ ಮಾತ್ರ," ಅಂದರು. ಹಾಗಾಗಿ ನಾನೂ ಹೊರಟೆ. ಬಸ್ಸಿನ ಕಿಟಕಿಯ ಎರಡೂ ಕಡೆ ತೊಗರಿ. ಆಗಿನ್ನೂ ಕೊಯ್ಲು ಪೂರ್ತಿ ಆಗಿರಲಿಲ್ಲ; ಒಣಗಿದ ಕಾಯಿ ಹೊತ್ತು ಗಿಡಗಳು ನಿಂತಿದ್ದವು. ಕಿಟಕಿಗೆ ತಲೆ ಆನಿಸಿ ಕೂತಿದ್ದ ಟಮಾಂಡಾ ಸಟಕ್ಕನೆ ಎದ್ದಳು.

"ನಂದೋಲೊ!" ಅಂದಳು. ಅವರ ಭಾಷೆಯಲ್ಲಿ ತೊಗರಿಗೆ ಹಾಗೆನ್ನುತ್ತಾರಂತೆ. ಅಮ್ಮನ ಊರಿನಲ್ಲಿ ಹೊಲದ ಬದುವಿಗೆಲ್ಲ ಅದೇ ಅಂತೆ. ಆಗಸ್ಟಿನಿಂದ ಅಷ್ಟು ಜೋರಾಗಿ ಅವಳು ಮಾತಾಡಿದ್ದನ್ನು ನಾನು ಕೇಳಿರಲಿಲ್ಲ. ಹಿಂದಿನ ಸೀಟಿನ ಮುದುಕನೊಬ್ಬ, "ಯಾಕವ್ವಾ, ಏನ್ ಕಳಕೊಂಡ್ಯಾ?" ಎಂದು ವಿಚಾರಿಸಿದ.

ಹೊಲದಲ್ಲಿ ಅಂಬಿಕಾಳ ಅಪ್ಪನಿಗೆ ಈ ಸುದ್ದಿ ಗೊತ್ತಾದಾಗ ಅವನು ತಲೆಯ ಪಟಕಾ ಸರಿಮಾಡಿಕೊಂಡು ಟಮಾಂಡಾಳನ್ನು ಮೇಲಿಂದ ಕೆಳಗೆ ನೋಡಿದ. "ಅಂದ್ರ ಆಫ್ರಿಕಾದ ತೊಗರಿ ಬಂತು, ರೇಟ್ ಬಿತ್ತು ಅಂತಾರಲ್ಲ, ಅದು ನಿಮ್ಮದೇ ಏನವ್ವಾ? ನಿಮ್ಮಪ್ಪಗ ಹೇಳು, ಒಂದು ವರ್ಷ ಸಾವಕಾಶ ಕಳಸಂತ." ಅಂಬಿಕಾ ಇಂಗ್ಲಿಷಿನಲ್ಲಿ ಹೇಳಿದಳು. ಟಮಾಂಡಾ ನಕ್ಕಳು. ಹೊಲದ ತುಂಬ ಜನ. ದಾರಿಯಲ್ಲಿ ಹೋಗುವವರನ್ನೂ ಕೂಗಿ ಕರೆದು ಉಣಿಸುವ ಹಬ್ಬ ಅದು. ಸಜ್ಜಿ ರೊಟ್ಟಿ, ಕಡಬು, ಎಲ್ಲ ಕಾಯಿಪಲ್ಲೆ ಕೂಡಿಸಿದ ಬಜ್ಜಿ. ಆದರೆ ಟಮಾಂಡಾಳಿಗೆ ಅಂಬಿಕಾಳ ಅವ್ವ ಶರಣಮ್ಮ ಬೇರೆಯಾಗಿ ಒಂದು ಚೀಲ ತಂದಿದ್ದಳು. ಅದರಲ್ಲಿ ಬಾಟಲಿ ನೀರು, ಬಿಸ್ಕತ್ತು, ಬ್ರೆಡ್ಡಿನ ಪಾಕೀಟು. ಕಾಲೇಜಿನಿಂದ ಫೋನು ಬಂದಿತ್ತಂತೆ. ಚಾಪೆಯ ಮೇಲೆ ಅವಳೊಬ್ಬಳಿಗೇ ಕುರ್ಚಿ. ಸೇಡಂನ ಸ್ಪೆಷಲ್ ಟೇಬಲ್ ನಮ್ಮ ಹಿಂದೆಯೇ ಬಸ್ಸು ಹತ್ತಿ ಬಂದಿತ್ತು.

ಆ ದಿನ ಅಲ್ಲೇ ಉಳಿದೆವು. ಮರುದಿನ ಬೆಳಗ್ಗೆ ಪಡಸಾಲೆಯಲ್ಲಿ ನಮಗೆ ಪೂರಿ, ಬಾಜಿ, ಶಿರಾ ಬಡಿಸಿದರು. ಟಮಾಂಡಾ ಒಂದು ಪೂರಿ ಮುರಿದು ತಟ್ಟೆಯಲ್ಲೇ ಆಡಿಸುತ್ತಿದ್ದಳು. ಆಗ ಹಿತ್ತಲ ಕಡೆಯಿಂದ ಒಂದು ಸದ್ದು ಬಂತು. ದಬ್, ದಬ್, ದಬ್, ಗಟ್ಟಿಯಾದದ್ದೇನನ್ನೋ ಪಾತ್ರೆಯಲ್ಲಿ ಕೋಲಿನಿಂದ ತಿರುವುವ ಸದ್ದು.

ಟಮಾಂಡಾ ತಲೆ ಎತ್ತಿದಳು. ಮತ್ತೆ ದಬ್ ದಬ್. ಎದ್ದಳು. ತಟ್ಟೆ ದಾಟಿ, ಪಡಸಾಲೆ ದಾಟಿ, ಯಾರ ಅಪ್ಪಣೆಯನ್ನೂ ಕೇಳದೆ ಒಳಗೆ ನಡೆದುಬಿಟ್ಟಳು. ಶರಣಮ್ಮ, "ಅಯ್ಯಯ್ಯ, ಅತ್ತಾಗ ಬ್ಯಾಡ, ಹೊಗಿ ಅದ," ಎಂದು ಹಿಂದೆ ಓಡಿದಳು. ನಾವೂ ಎದ್ದೆವು.

ಒಲೆಯ ಮುಂದೆ ಅಂಬಿಕಾಳ ಆಯಿ, ಅಂದರೆ ಅಜ್ಜಿ, ಕೂತಿದ್ದಳು. ಬಾಯಲ್ಲಿ ಒಂದೂ ಹಲ್ಲಿಲ್ಲ, ರೊಟ್ಟಿ ಅಗಿಯಲಾಗದು. ಅವಳಿಗೆಂದು ದಿನಾ ಸಂಗಟಿ. ಕುದಿಯುವ ನೀರಿಗೆ ಜೋಳದ ಹಿಟ್ಟು ಬಿಟ್ಟು ಗಟ್ಟಿಯಾಗುವ ತನಕ ತಿರುವಿದ ಮುದ್ದೆ. ನಮ್ಮ ಸೀಮೆಯಲ್ಲಿ ಹಲ್ಲಿಲ್ಲದವರು, ಪುರುಸೊತ್ತಿಲ್ಲದವರು, ಬೇರೇನೂ ಇಲ್ಲದವರು ಉಣ್ಣುವುದು. ಯಾರಾದರೂ ಮನೆಗೆ ಬಂದರೆ ಆ ಪಾತ್ರೆಯನ್ನು ಒಳಗೆ ಸರಿಸುತ್ತಾರೆ. ನಾನೂ ಚಿತ್ತಾಪುರದ ನನ್ನ ಅಜ್ಜಿಯ ಮನೆಯಲ್ಲಿ ತಿಂದು ಬೆಳೆದದ್ದೇ, ಕಾನ್ವೆಂಟ್ ಸೇರುವವರೆಗೆ.

ಟಮಾಂಡಾ ಮುದುಕಿಯ ಪಕ್ಕ ಕುಕ್ಕರಗಾಲಲ್ಲಿ ಕೂತಳು. ಚೊಂಬಿನ ನೀರಿನಲ್ಲಿ ಕೈ ತೊಳೆದಳು. ಆಯಿಯ ತಟ್ಟೆಯಿಂದಲೇ ಒಂದು ತುತ್ತು ಮುರಿದು, ಅಂಗೈಯಲ್ಲಿ ಹೊರಳಿಸಿ ಉಂಡೆ ಮಾಡಿ, ಹೆಬ್ಬೆರಳಿನಿಂದ ನಡುವೆ ಕುಳಿ ಒತ್ತಿ, ಆ ಕುಳಿಯಲ್ಲಿ ಪುಂಡಿ ಪಲ್ಲೆ ತುಂಬಿಕೊಂಡು ಬಾಯಿಗಿಟ್ಟಳು. ಮತ್ತೊಂದು. ಮತ್ತೊಂದು.

"ಅಯ್ಯ ಶಿವನ, ಅದ್ಯಾಕ ತಿಂತಿ ಯವ್ವಾ, ಪೂರಿ ಅದಾವ, ಶಿರಾ ಅದ," ಶರಣಮ್ಮನ ಮುಖ ಸಣ್ಣಗಾಗಿತ್ತು.

"ತಿನ್ಲಿ ಬಿಡ," ಅಂದಳು ಆಯಿ. "ಆಕಿ ಕೈ ನೋಡು. ಕಲತ ಕೈ ಅದ."

ತಟ್ಟೆ ಖಾಲಿಯಾಯಿತು. ಟಮಾಂಡಾ ಬೆರಳು ನೆಕ್ಕಿ ಅಂಬಿಕಾಳ ಕಡೆ ತಿರುಗಿದಳು. ಖುಷಿ ಇರಲಿಲ್ಲ ಆ ಮುಖದಲ್ಲಿ, ಸಿಟ್ಟಿತ್ತು. "ನಮ್ಮ ಮನೆಯ ನ್ಸೀಮಾ ಇದು. ನಮ್ಮದು ಮೆಕ್ಕೆಜೋಳದ್ದು, ಬೆಳ್ಳಗಿರುತ್ತದೆ, ಅಷ್ಟೇ," ಅಂದಳು ಇಂಗ್ಲಿಷಿನಲ್ಲಿ, ತಗ್ಗಿದ ದನಿಯಲ್ಲಿ. "ಇದು ಇಲ್ಲೇ ಇತ್ತು. ಆಗಸ್ಟಿನಿಂದ ಇಲ್ಲೇ ಇತ್ತು. ನೀನು ನನಗೆ ಬ್ರೆಡ್ಡು ತಿನ್ನಿಸಿದೆ."

"ಏನಂತಾಳವ್ವಾ?" ಶರಣಮ್ಮ ಕೇಳಿದಳು.

ಅಂಬಿಕಾ ಅವ್ವನ ಕಡೆ ತಿರುಗಿದಳು. "ಭಾಳ ಛಲೋ ಅದ ಅಂತಾಳ."

"ಸುಳ್ಳ!" ಅಂದಳು ಟಮಾಂಡಾ, ಕನ್ನಡದಲ್ಲಿ. ಛಲೋ, ಸುಳ್ಳ: ಹಾಸ್ಟೆಲ್ಲಿನ ಹುಡುಗಿಯರು ದಿನಕ್ಕೆ ನೂರು ಸಲ ಅನ್ನುವ ಮಾತು, ಅವೆರಡನ್ನು ಕಲಿತಿದ್ದಳು.

ಆಮೇಲೆ ಅಂಬಿಕಾ ಇದ್ದದ್ದನ್ನು ಇದ್ದ ಹಾಗೆ ಅವ್ವನಿಗೆ ಹೇಳಿದಳು. ಶರಣಮ್ಮ ಸೆರಗಿನಿಂದ ಬಾಯಿ ಒರೆಸಿಕೊಂಡಳು. "ಮೆಹಮಾನ್ರಿಗಿ ಸಂಗಟಿ ಹಾಕ್ತಾರೇನ ತಂಗಿ? ನಮಗ ಇಜ್ಜತಿ ಇಲ್ಲೇನು?"

ಅದನ್ನು ಅಂಬಿಕಾ ಇಂಗ್ಲಿಷಿಗೆ ಮಾಡಿದಳು. "ಅತಿಥಿಯಾಗಿದ್ದು ನನಗೆ ಸಾಕಾಗಿದೆ," ಅಂದಳು ಟಮಾಂಡಾ. ಅದನ್ನು ಯಾರೂ ಕನ್ನಡಕ್ಕೆ ಮಾಡಲಿಲ್ಲ. ಆಯಿ ಮಾತ್ರ ತಿಳಿದವಳಂತೆ ಪಾತ್ರೆಯ ತಳ ಕೆರೆದು ಉಳಿದದ್ದನ್ನು ಅವಳ ತಟ್ಟೆಗೆ ಹಾಕಿದಳು.

ಬಸ್ಸಿನಲ್ಲಿ ವಾಪಸು ಬರುವಾಗ ಟಮಾಂಡಾ ಫೋನಿನಲ್ಲಿ ಅಂಕಲ್ ಜೊತೆ ತಮ್ಮ ಭಾಷೆಯಲ್ಲಿ ಬಹಳ ಹೊತ್ತು ಮಾತಾಡಿದಳು. ಅಂಬಿಕಾ ಕಿಟಕಿಯ ಕಂಬಿಯನ್ನು ಬಿಗಿಯಾಗಿ ಹಿಡಿದುಕೊಂಡು ಕೂತಿದ್ದಳು. ಸೇಡಂ ಬಂದ ಮೇಲೆ ಇಳಿಯುತ್ತ ಟಮಾಂಡಾ, "ಪರೀಕ್ಷೆ ಬರೆಯುತ್ತೇನೆ. ಆಮೇಲಿನದು ಗೊತ್ತಿಲ್ಲ," ಅಂದಳು.

ಸಂಗಟಿ ಮಾಡಿಕೊಡು ಅಂದರೆ ಮೆಸ್ಸಿನ ಅಡುಗೆಯ ಬಸಮ್ಮ ಕೈ ಜಾಡಿಸಿದಳು. "ಫಾರಿನ್ ಹುಡುಗಿಗಿ ಸಂಗಟಿ ಹಾಕಿ ನನ್ನ ನೌಕರಿ ಕಳಕೊಳ್ಳಲೇನು?" ನಾನು ಪ್ರಿನ್ಸಿಪಾಲರ ಹತ್ತಿರ ಹೋದೆ. ಅವರು ಕೆಟ್ಟವರಲ್ಲ, ಅವರ ಮನೆಯಲ್ಲೂ ಅವರ ತಾಯಿ ಅದನ್ನೇ ಉಣ್ಣುವುದು ನನಗೆ ಗೊತ್ತಿತ್ತು. "ಮೇಡಮ್, ನೀವಾದ್ರೂ ಕಾನ್ವೆಂಟಿನ್ಯಾಗ ಓದಿದವರು," ಅಂದರು. "ನಾಳಿ ಇನ್‌ಸ್ಪೆಕ್ಷನ್ ಟೀಮ್ ಬಂದು, ಇಂಟರ್‌ನ್ಯಾಷನಲ್ ಸ್ಟೂಡೆಂಟಿಗಿ ಏನ್ ಕೊಡ್ತೀರಿ ಅಂತ ಕೇಳಿದ್ರ, ನಾ ಸಂಗಟಿ ಅನ್ಲೇನು?"

ಹೊರಗೆ ಬಂದರೆ ಅಂಬಿಕಾ ನಿಂತಿದ್ದಳು. "ನನ್ನ ಕೋಣೆಯಲ್ಲಿ ಗ್ಯಾಸಿದೆ," ಅಂದೆ ನಾನು. ಕರುಣೆಯಿಂದ ಅಂದದ್ದಲ್ಲ. ಮಳೆ ಬಂದರೆ ಕೊಡೆ ಇದೆ ಅನ್ನುತ್ತೇವಲ್ಲ, ಹಾಗೆ.

ಆ ಸಂಜೆಯಿಂದ ನನ್ನ ಕೋಣೆಯಲ್ಲಿ ದಬ್ ದಬ್. ಒಬ್ಬಳು ಪಾತ್ರೆ ಹಿಡಿಯುವುದು, ಒಬ್ಬಳು ತಿರುವುವುದು. ನೀರು ಹೆಚ್ಚಾಯಿತು, ಹಿಟ್ಟು ಗಂಟಾಯಿತು ಎಂದು ಎರಡು ಖಂಡಗಳ ಜಗಳ. ಮೊದಲ ದಿನ ತಟ್ಟೆ ಸಾಲದೆ ನಾನು ಟ್ರಂಕಿನಿಂದ ಒಂದು ಸ್ಟೀಲ್ ತಟ್ಟೆ ತೆಗೆದುಕೊಟ್ಟೆ. ಅಂಚಿಗೆ ಯಜಮಾನರ ಹೆಸರು ಕೊರೆದದ್ದು. ಟಮಾಂಡಾ ಅಕ್ಷರಗಳ ಮೇಲೆ ಬೆರಳಾಡಿಸಿ ಏನಿದು ಎಂದು ಕೇಳಿದಳು. ಹೇಳಿದೆ. ಯಾವಾಗ ಎಂದು ಕೇಳಿದಳು. ಮೇ ಅಂದೆ. ಅವಳು ಉಂಡಾದ ಮೇಲೆ ತಟ್ಟೆ ತೊಳೆದು ಒರೆಸಿ ತಂದು ನನ್ನ ಮಂಚದ ಪಕ್ಕ ನೆಲದ ಮೇಲೆ ಕೂತಳು. ನಮ್ಮಲ್ಲಿ ಸಾವಾದ ಮನೆಗೆ ಹೋದರೆ ಹೀಗೆ ಸುಮ್ಮನೆ ಕೂರುತ್ತೇವೆ ಅಂದಳು. ಕೂತಿದ್ದಳು. ಅಂಬಿಕಾಳೂ ಬಂದು ಕೂತಳು. ನನಗೆ ಆಗಲೂ ಅಳು ಬರಲಿಲ್ಲ. ಆದರೆ ಮರುದಿನ ಮೆಸ್ಸಿಗೆ ಹೋಗಿ ಆ ಮೇಜಿನ ಬಿಳಿ ಬಟ್ಟೆಯನ್ನು ನಾನೇ ತೆಗೆದು ಮಡಚಿ ಕಪಾಟಿಗೆ ಇಟ್ಟೆ. ಯಾಕೆಂದು ಯಾರೂ ಕೇಳಲಿಲ್ಲ.

ಒಬ್ಬೊಬ್ಬರೇ ಬೇರೆ ಹುಡುಗಿಯರು ಬರತೊಡಗಿದರು. ಬಾಗಿಲಲ್ಲಿ ನಿಂತು ಮೂಗು ಎಳೆದು, "ನಮ್ಮ ಮನ್ಯಾಗೂ ಮಾಡ್ತಾರ್ರಿ," ಅನ್ನುವುದು; ಯಾರಾದರೂ ಕೇಳಿಸಿಕೊಂಡರೇನೋ ಎಂದು ಹಿಂದೆ ನೋಡುವುದು; ಆಮೇಲೆ ಕೂರುವುದು. ಬೇವಿನ ಗಿಡದ ಕೆಳಗೆ ಬಾರದವರು ಇಲ್ಲಿ ಬಂದರು. ಅಲ್ಲಿ ಕೇಳದಿದ್ದ ಪ್ರಶ್ನೆಗಳನ್ನು ಇಲ್ಲಿ ಬಾಯಿ ತುಂಬಿಕೊಂಡು ಕೇಳಿದರು. ನಿಮ್ಮಲ್ಲಿ ವರದಕ್ಷಿಣೆ ಕೊಡ್ತೀರಾ, ತೊಗೋತೀರಾ? ನಿಮ್ಮ ಅವ್ವ ಬೈತಾಳ? ಏನಂತ ಬೈತಾಳ? ಹೇಳು, ಕಲಿತೀವಿ.

ಫೆಬ್ರವರಿಯಲ್ಲಿ ಇಂಟರ್‌ನ್ಯಾಷನಲ್ ಡೇ. ಬಣ್ಣದ ಕಾಗದದ ಬಾವುಟಗಳು, ಶಾಮಿಯಾನ, ಕಲಬುರಗಿಯಿಂದ ಅತಿಥಿಗಳು. ಮೈಕಿನಲ್ಲಿ ಕರೆದರು: "ಅಂಬಿಕಾ, ಪ್ಲೀಸ್ ಕಮ್ ಟು ದ ಡಯಾಸ್." ಮತ್ತೆ ಕರೆದರು. ಅವಳು ನನ್ನ ಕೋಣೆಯಲ್ಲಿ ಎಸರಿಗೆ ಹಿಟ್ಟು ಬಿಡುತ್ತಿದ್ದಳು.

"ಹೋಗಲ್ವಾ?" ಅಂದೆ.

"ಹಿಟ್ಟು ಗಂಟಾಗ್ತದ್ರಿ."

ವೇದಿಕೆಯ ಮೇಲೆ ಟಮಾಂಡಾಳಿಗೆ ಮತ್ತೊಂದು ಶಾಲು ಹೊದಿಸಿದರು. ಅವಳು ಅದನ್ನು ಹೊದ್ದೇ ಸೀದಾ ನನ್ನ ಕೋಣೆಗೆ ಬಂದು, ಶಾಲಿನ ಅಂಚು ಸುತ್ತಿಕೊಂಡು ಸುಡುವ ಪಾತ್ರೆಯನ್ನು ಒಲೆಯಿಂದ ಇಳಿಸಿದಳು. ಕಾಲೇಜು ಕೊಟ್ಟ ಅಷ್ಟೂ ಶಾಲಿನಲ್ಲಿ ಕೆಲಸಕ್ಕೆ ಬಂದದ್ದು ಅದೊಂದೇ. ಅಂಬಿಕಾಳ ಬ್ಯಾಡ್ಜನ್ನು ಆ ವಾರವೇ ತೆಗೆದುಕೊಂಡರು. ಹೊಸ ಕೋಆರ್ಡಿನೇಟರ್ ಆದವಳು ಆಡಳಿತ ಮಂಡಳಿಯವರೊಬ್ಬರ ಮಗಳು, ಸಿಂಗಾಪುರಕ್ಕೆ ಟೂರ್ ಹೋಗಿ ಬಂದಿದ್ದಳು. ಫ್ಲೆಕ್ಸ್ ಮಾತ್ರ ಇಳಿಸಲಿಲ್ಲ. ಏಣಿ ಹತ್ತುವವರು ಯಾರು.

ಬೇಸಿಗೆಯಲ್ಲಿ ವರ್ಷದ ಪರೀಕ್ಷೆ ಮುಗಿಸಿ ಟಮಾಂಡಾ ಊರಿಗೆ ಹೊರಟಳು. ವಾಡಿಯಲ್ಲಿ ಮುಂಬೈ ಗಾಡಿ ಹತ್ತಿಸಲು ನಾವಿಬ್ಬರೂ ಹೋಗಿದ್ದೆವು. ಯಜಮಾನರು ಹಸಿರು ಬಾವುಟ ಹಿಡಿದು ನಿಲ್ಲುತ್ತಿದ್ದ ಪ್ಲಾಟ್‌ಫಾರಂ. ನನಗೆ ಬಿಸಿಲೊಂದೇ ಗೊತ್ತಾಗುತ್ತಿತ್ತು. ಟಮಾಂಡಾ ಇಡೀ ಪೆಟ್ಟಿಗೆ ತುಂಬಿಕೊಂಡು ಹೊರಟಿದ್ದಳು, ಕೋಣೆಯಲ್ಲಿ ಒಂದು ಕರ್ಚೀಫೂ ಬಿಟ್ಟಿರಲಿಲ್ಲ. ಅಂಬಿಕಾ ಅದನ್ನು ನೋಡಿದ್ದಳು. ಗಾಡಿ ಹೋದ ಮೇಲೆ ನನ್ನ ಕಡೆ ತಿರುಗಿ, "ಬರ್ತಾಳೇನ್ರಿ ಮೇಡಮ್?" ಅಂದಳು.

"ಗೊತ್ತಿಲ್ಲ," ಅಂದೆ.

ಅಂಬಿಕಾಳ ಡಿಗ್ರಿಯೂ ಅಷ್ಟಕ್ಕೆ ಮುಗಿದಿತ್ತು. ತೆಂಗಳಿಗೆ ಹೋದಳು. ಟಮಾಂಡಾ ಇನ್ನೆರಡು ವರ್ಷ ಹೇಗೆ ಓದಿದಳು, ಬಸಮ್ಮ ಹೇಗೆ ದಾರಿಗೆ ಬಂದಳು, ಬುಧವಾರದ ಮೆನುವಿನಲ್ಲಿ ಸಂಗಟಿ ಹೇಗೆ ಬಂತು, ಇದೆಲ್ಲ ನಾನು ಆಮೇಲೆ ಕೇಳಿದ್ದು. ಆ ದಸರಾಕ್ಕೆ ನಾನೂ ವಾರ್ಡನ್ ಕೆಲಸ ಬಿಟ್ಟು ಶಹಾಬಾದಿಗೆ ಬಂದೆ. ಅಂಬಿಕಾಳನ್ನು ಚಂದಾಪುರದ ಕಡೆ ಮದುವೆ ಮಾಡಿಕೊಟ್ಟರು ಎಂದು ಒಬ್ಬರು, ಇಲ್ಲ, ಹೈದರಾಬಾದಿನಲ್ಲಿ ಹೊರದೇಶದ ವಿದ್ಯಾರ್ಥಿಗಳ ಹಾಸ್ಟೆಲ್ ನೋಡಿಕೊಳ್ಳುತ್ತಾಳೆ ಎಂದು ಇನ್ನೊಬ್ಬರು. ಟಮಾಂಡಾಳನ್ನು ಕೇಳಿದ್ದರೆ ಗೊತ್ತಾಗುತ್ತಿತ್ತು. ಕೇಳಲಿಲ್ಲ.

ನಾನು ಅಂಬಿಕಾಳನ್ನು ಕೊನೆಯ ಸಲ ನೋಡಿದ್ದು ಆ ಬೇಸಿಗೆ ಕಳೆದ ಜುಲೈನಲ್ಲಿ, ರಜೆ ಮುಗಿದು ಹಾಸ್ಟೆಲ್ ತೆರೆದಾಗ. ಮಧ್ಯಾಹ್ನ. ಮಳೆ ಬಂದು ನಿಂತಿತ್ತು, ಎಲೆಗಳ ಧೂಳು ತೊಳೆದುಹೋಗಿತ್ತು. ಗೇಟಿನ ಕಡೆ ಏನೋ ಮಾತು ಕೇಳಿಸಿ ಹೊರಗೆ ಬಂದೆ. ಟಮಾಂಡಾ ನಿಂತಿದ್ದಳು, ಕಂಕುಳಲ್ಲಿ ಉದ್ದನೆಯ ಮರದ ಸೌಟು. ಅವಳ ಅಮ್ಮ ಕೊಟ್ಟದ್ದಂತೆ, ನಮ್ಮ ಕೋಲು ಸರಿಯಿಲ್ಲವೆಂದು. ಪಕ್ಕದಲ್ಲಿ ಪೆಟ್ಟಿಗೆ ಹಿಡಿದು ಅಂಬಿಕಾ. ವಾಡಿಗೆ ಹೋಗಿ ಗಾಡಿಯಿಂದ ಇಳಿಸಿಕೊಂಡು ಬಂದಿದ್ದಳು. ವಾಚ್‌ಮನ್ ಹೊಸಬ. "ಪಾಸೌಟ್ ಆದವರಿಗೆ ಒಳಗ ಬಿಡಂಗಿಲ್ಲ ಅಕ್ಕಾ. ವಿಜಿಟರ್ ಅಂತ ಹೆಸರು ಬರಿ," ಅನ್ನುತ್ತಿದ್ದ. ಅವನ ತಲೆಯ ಮೇಲೆಯೇ ಅವಳ ಫ್ಲೆಕ್ಸ್. ಬಿಸಿಲಿಗೆ ಬಣ್ಣ ಹೋಗಿ ವಿಮಾನ ಮಾತ್ರ ಉಳಿದಿತ್ತು.

"ಬಿಡಪ್ಪಾ, ನಮ್ಮ ಹುಡುಗಿ," ಅಂದೆ.

"ಇರ್ಲಿ ಬಿಡ್ರಿ ಮೇಡಮ್. ರೂಲ್ ಅದಲ್ಲ." ಹೆಸರು ಬರೆದಳು. ಪೆಟ್ಟಿಗೆಯನ್ನು ಹಾಸ್ಟೆಲ್ಲಿನ ಮೆಟ್ಟಿಲವರೆಗೆ ತಂದು, ಎತ್ತಿ ಫರ್ಶಿಯ ಮೇಲೆ ಇಟ್ಟಳು. ಅಲ್ಲಿಂದ ಒಳಗೆ ವಿಜಿಟರ್ ಬರುವಂತಿಲ್ಲ. ಹಿಡಿಕೆಯನ್ನು ಟಮಾಂಡಾಳ ಕೈಗೆ ಕೊಟ್ಟಳು.

"ಬಂದಳ್ರಿ ಮೇಡಮ್," ಅಂದಳು ನನಗೆ. ಅಷ್ಟೇ.

"ಒಳಗೆ ಬಾ, ಚಹಾ ಕುಡಿದು ಹೋಗು" ಎಂದು ನಾನು ಅಂದೆ. ಬಸ್ಸಿದೆ ಅಂದಳು. ಟಮಾಂಡಾ ಪೆಟ್ಟಿಗೆ ಎಳೆಯುತ್ತ ಹೊರಟಳು. ಟಕ್, ಟಕ್, ಟಕ್, ಭಾರದ ಸದ್ದು, ಬರುವ ಪೆಟ್ಟಿಗೆಯದು. ಅಂಬಿಕಾ ಮೆಟ್ಟಿಲ ಕೆಳಗೆ ನಿಂತು ಅದು ವರಾಂಡದ ಕೊನೆ ಮುಟ್ಟುವ ತನಕ ಕೇಳಿದಳು. ಆಮೇಲೆ ಕೆನ್ನೆಯ ಮೇಲಿನ ಮಳೆಹನಿ ಒರೆಸಿಕೊಂಡು, ಮಳೆ ನಿಂತು ಆಗಲೇ ಎಷ್ಟೋ ಹೊತ್ತಾಗಿತ್ತು, ಗೇಟಿನ ಕಡೆ ನಡೆದಳು. ಫ್ಲೆಕ್ಸಿನ ಕೆಳಗಿಂದ ಹಾಯ್ದು ಹೋದಳು. ತಲೆ ಎತ್ತಲಿಲ್ಲ.